ಹೊಲ ಒಂದು, ದಫ್ತರ ಹಲವು

ಮುಂಡರಗಿ ತಾಲೂಕಿನ ಸಿಂಗಟಾಲೂರು ತುಂಗಭದ್ರೆಯ ದಂಡೆಯ ಊರು. ವೀರಭದ್ರನ ಕ್ಷೇತ್ರವೆಂದು ಹಿಂದಿನಿಂದಲೂ ಹೆಸರಾದುದು. ಹಮ್ಮಿಗಿಯ ಬಳಿ ಬ್ಯಾರೇಜು ಕಟ್ಟಿದ ಮೇಲೆ ಏತ ನೀರಾವರಿ ಯೋಜನೆಗೂ ಈ ಊರಿನ ಹೆಸರೇ ನಿಂತಿತು. ಆ ಯೋಜನೆಯ ಹೊಲಗಳು ಈಚೆ ಗದಗ, ಕೊಪ್ಪಳ ಜಿಲ್ಲೆಗಳಲ್ಲಿಯೂ ಹೊಳೆಯಾಚೆ ಹೂವಿನಹಡಗಲಿಯಲ್ಲಿಯೂ ಹಬ್ಬಿವೆ. 1953ಕ್ಕೆ ಮೊದಲು ಇದೇ ನೆಲ ಮೂರು ರಾಜ್ಯಗಳಲ್ಲಿ ಹಂಚಿಹೋಗಿತ್ತು: ಗದಗ ಮುಂಬಯಿಗೆ, ಹಡಗಲಿ ಮದರಾಸಿಗೆ, ಕೊಪ್ಪಳ ಹೈದರಾಬಾದಿಗೆ. ಹೊಲದ ಲೆಕ್ಕ ಬರೆಯುವವನು ಒಂದೆಡೆ ತಲಾಠಿ, ಒಂದೆಡೆ ಕರಣ, ಮತ್ತೊಂದೆಡೆ ಪಟವಾರಿ. ಸರಕಾರ ಪಹಣಿಯೆನ್ನುವ ಕಾಗದ ಗದಗಿನ ರೈತನ ಬಾಯಲ್ಲಿ ಇಂದಿಗೂ ಉತಾರವೇ.

ರಾಜ್ಯ ಒಂದಾದರೂ ದಫ್ತರ ಒಂದಾಗಲಿಲ್ಲ. ಉತಾರ ಗ್ರಾಮಲೆಕ್ಕಿಗನ ಚೀಲದಲ್ಲಿ, ನಕ್ಷೆ ಸರ್ವೆ ಕಚೇರಿಯಲ್ಲಿ, ಖರೀದಿಪತ್ರ ಉಪನೋಂದಣಿ ಕಚೇರಿಯಲ್ಲಿ, ಸಾಲದ ಬೋಜಾ ಸೊಸೈಟಿಯ ಪುಸ್ತಕದಲ್ಲಿ. ಯಜಮಾನ ತೀರಿಕೊಂಡ ಮನೆಯಲ್ಲಿ ಹೆಂಡತಿಯ ಹೆಸರು ಒಂದು ಪುಸ್ತಕಕ್ಕೆ ಏರಿ ಇನ್ನೊಂದಕ್ಕೆ ಏರದಿದ್ದರೆ ಗತಿಯೇನು? ಜಮೀನು ನೀರಾವರಿಗೆ ಸ್ವಾಧೀನವಾದಾಗ ಪರಿಹಾರದ ಹಣ ಹೋಗುವುದು ಕಾಗದದಲ್ಲಿರುವ ಹೆಸರಿಗೆ. ಹೊಲದಲ್ಲಿ ಬೆವರು ಸುರಿಸಿದವರನ್ನು ಕಾಗದ ಅರಿಯದು.

2000ದ ಸುಮಾರಿಗೆ ಬಂದ ಭೂಮಿ ಯೋಜನೆ, ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪುಸ್ತಕಗಳನ್ನು ಕಂಪ್ಯೂಟರಿಗೇರಿಸಿತು. ಅಂದಿನ 177 ತಾಲೂಕುಗಳು, 67 ಲಕ್ಷ ರೈತರು, ಎರಡು ಕೋಟಿ ಪಹಣಿಗಳು. 15 ರೂಪಾಯಿಗೆ ಒಂದು ಪ್ರತಿ. ಆದರೆ ಆರಂಭದಲ್ಲಿ ತಾಲೂಕಿಗೊಂದರಂತೆ ಬೇರೆ ಬೇರೆ ಯಂತ್ರ. ಮರದ ಪೆಟ್ಟಿಗೆ ಹೋಗಿ ಕಬ್ಬಿಣದ ಪೆಟ್ಟಿಗೆ ಬಂದಂತಾಯಿತು, ಅಷ್ಟೆ. ನಿಜವಾದ ಬದಲಾವಣೆ ಆದುದು ಅವೆಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಒಂದುಗೂಡಿದಾಗ, ನೋಂದಣಿಯ ಕಾವೇರಿ ತಂತ್ರಾಂಶವೂ ಸರ್ವೆಯ ಮೋಜಿಣಿಯೂ ಅದರೊಡನೆ ಬೆಸೆದುಕೊಂಡಾಗ.

ಏಕೀಕೃತ ಕಡತ ವ್ಯವಸ್ಥೆಯೆಂದು ತಂತ್ರಜ್ಞರು ಹೇಳುವುದರ ತಿರುಳೂ ಇದೇ. ಒಳಗೆ ಹತ್ತು ಡಿಸ್ಕುಗಳಿರಲಿ, ನಾಲ್ಕು ಸರ್ವರುಗಳಿರಲಿ, ಬಳಸುವವನಿಗೆ ಕಾಣುವುದು ಒಂದೇ ಬೀರು. ಪ್ರತಿ ಕಡತಕ್ಕೂ ಒಂದೇ ಹೆಸರು, ಒಂದೇ ಸ್ಥಾನ. ಡಿಸ್ಕು ತುಂಬಿದರೆ ಹೊಸದನ್ನು ಸೇರಿಸಬಹುದು, ಕಡತದ ವಿಳಾಸ ಬದಲಾಗದು. ಒಬ್ಬನು ತಿದ್ದುತ್ತಿರುವಾಗ ಇನ್ನೊಬ್ಬನ ಕೈಯನ್ನು ಬೀಗವೊಂದು ತಡೆಯಬಲ್ಲುದು. ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಕಟ್ಟಳೆಯನ್ನು ಒಂದೇ ಕಡೆ ವಿಧಿಸಿದರೆ ಸಾಕು. ಗದಗಿನ ಒಂದು ಮುದ್ರಣಾಲಯವನ್ನೇ ಊಹಿಸಿಕೊಳ್ಳಿ: ಅಕ್ಷರ ಜೋಡಿಸುವವನ ಯಂತ್ರದಲ್ಲಿ ಒಂದು ಕರಡು, ಮಾಲಿಕರ ಯಂತ್ರದಲ್ಲಿ ತಿದ್ದಿದ ಕರಡು, ಅಚ್ಚಿಗೆ ಹೋದದ್ದು ಮೂರನೆಯದು! ಮದುವೆಯ ಕರೆಯೋಲೆಯಲ್ಲಿ ಮುಹೂರ್ತ ತಪ್ಪಿದರೆ ಬೀಗರಿಗೆ ಉತ್ತರ ಹೇಳುವವರಾರು? ಕರಡು ಒಂದೇ ಕಡೆ ಇದ್ದರೆ ತಿದ್ದಿದ್ದು ಎಲ್ಲರಿಗೂ ತಿದ್ದಿದಂತೆಯೇ.

ತಪ್ಪೂ ಹಾಗೆಯೇ ಎಲ್ಲರಿಗೂ ತಲುಪುವುದೆಂಬುದನ್ನು ಮರೆಯುವಂತಿಲ್ಲ. ತಂದೆಯ ಹೆಸರಿನ ಒಂದು ಅಕ್ಷರ ಕೆಟ್ಟರೆ ಬ್ಯಾಂಕಿನಲ್ಲಿಯೂ ಬೆಳೆಪರಿಹಾರದ ಪಟ್ಟಿಯಲ್ಲಿಯೂ ಅದೇ ಕೆಟ್ಟ ಹೆಸರು. ಬೆಂಗಳೂರಿನ ಸರ್ವರು ನಿಂತರೆ ಮುಂಡರಗಿಯ ಕಿಟಕಿಯ ಮುಂದಿನ ಸಾಲು ನಿಲ್ಲುತ್ತದೆ. ಬಸ್ಸಿನ ಖರ್ಚು ಮಾಡಿ ಬಂದ ಮುದುಕಿಗೆ "ಸರ್ವರ್ ಡೌನ್" ಎಂಬ ಎರಡು ಮಾತು ಯಾವ ಸಮಾಧಾನ? ಒಂದೇ ಉಗ್ರಾಣವೆಂದರೆ ಒಂದೇ ಪ್ರತಿಯೆಂದು ಅರ್ಥವಲ್ಲ. ಬೇರೊಂದು ಊರಿನಲ್ಲಿ ಅದರ ಪಡಿಯಚ್ಚು ಇರಲೇಬೇಕು, ಯಾವ ದಿನ ಯಾರು ತಿದ್ದಿದರೆಂಬ ಗುರುತೂ ಉಳಿಯಬೇಕು. ವ್ಯಾಪಾರಿಗಳು ಸರ್ವರು ಕೊಳ್ಳುವಾಗ ಮೊದಲು ಉಳಿಸುವುದು ಈ ಖರ್ಚನ್ನೇ, ಇದು ಬಲು ದುಬಾರಿಯ ಉಳಿತಾಯ.

ಇನ್ನು ಕಂಪ್ಯೂಟರಿಗೆ ಮೊದಲಿನ ಕಾಗದಗಳ ಮಾತು. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡರು. ತಲಾಠಿಯ ಮೋಡಿ ಅಕ್ಷರವಾಗಲಿ ಪಟವಾರಿಯ ಉರ್ದುವಾಗಲಿ ಎದುರಾದರೆ ಚಿತ್ರ ತೆಗೆಯುವುದು ಸುಲಭ. ಓದಿ ಹೇಳಬಲ್ಲ ಹಿರಿಯರನ್ನು ಈಗಲೇ ಹುಡುಕಿಡುವುದು ಮೇಲು.