ತಿದ್ದಿಕೊಂಡ ಎಂಜಿನ್ನನ್ನು ಸೋತಿತೆನ್ನಬೇಕೆ?

ಇಂಗ್ಲೆಂಡಿನ ನಾರ್ತ್ ಈಸ್ಟರ್ನ್ ರೈಲ್ವೆಯ ‘ಸಿ’ ವರ್ಗದ ಗೂಡ್ಸ್ ಎಂಜಿನ್ನುಗಳ ಬಗ್ಗೆ ಒಂದು ಸಿದ್ಧ ತೀರ್ಪಿದೆ: ಕಾಂಪೌಂಡ್ ಆಗಿ ಹುಟ್ಟಿದವನ್ನೆಲ್ಲ ಮುಂದೆ ಸಾದಾ ಎಂಜಿನ್ನುಗಳಾಗಿ ಮಾರ್ಪಡಿಸಬೇಕಾಯಿತು, ಆದ್ದರಿಂದ ಆ ಪ್ರಯೋಗ ವ್ಯರ್ಥ. ಮೊದಲ ಮಾತು ನಿಜ. ಎರಡನೆಯದನ್ನು ಒಪ್ಪುವುದು ನನಗೆ ಕಷ್ಟ.

ಸಾದಾ ಎಂಜಿನ್ನಿನಲ್ಲಿ ಉಗಿ ಸಿಲಿಂಡರಿನೊಳಗೆ ಒಮ್ಮೆ ಹಿಗ್ಗಿ, ಮಿಕ್ಕ ಶಕ್ತಿಯೊಡನೆ ಚಿಮಣಿಯ ಪಾಲಾಗುತ್ತದೆ. ಈ ರೈಲ್ವೆಯ ಎಂಜಿನ್ ವಿಭಾಗದ ಮುಖ್ಯಸ್ಥರಾಗಿದ್ದ ಟಿ. ಡಬ್ಲ್ಯೂ. ವರ್ಸ್‌ಡೆಲ್ ಅವರು ಜರ್ಮನಿಯ ಫಾನ್ ಬೋರೀಸ್ ಅವರ ಜೊತೆ ರೂಪಿಸಿದ ಕಾಂಪೌಂಡ್ ಪದ್ಧತಿಯಲ್ಲಿ ಅದೇ ಉಗಿ 18 ಅಂಗುಲ ವ್ಯಾಸದ ಸಿಲಿಂಡರಿನಿಂದ 26 ಅಂಗುಲದ್ದಕ್ಕೆ ಹೋಗಿ ಎರಡನೆಯ ಸಲ ದುಡಿಯುತ್ತಿತ್ತು. ಉಷ್ಣದ ಏರಿಳಿತ ಎರಡು ಕಡೆ ಹಂಚಿಹೋಗುವುದರಿಂದ, ಸಿಲಿಂಡರಿನ ಗೋಡೆಗೆ ತಾಗಿ ನೀರಾಗಿ ಪೋಲಾಗುವ ಉಗಿಯೂ ಕಡಿಮೆ. ಕಲ್ಲಿದ್ದಲು ಉಳಿಸುವ ಈ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ.

ತೊಡಕಿದ್ದದ್ದು ದುಡಿಮೆಯ ರೀತಿಯಲ್ಲಿ. ಒಂದೇ ಹದದಲ್ಲಿ ಓಡುವಾಗ ಕಾಂಪೌಂಡ್ ಚೆನ್ನಾಗಿ ಫಲ ಕೊಡುತ್ತದೆ. ಗೂಡ್ಸ್ ರೈಲಾದರೋ ಸೈಡಿಂಗಿನಲ್ಲಿ ಕಾಯುತ್ತದೆ, ವ್ಯಾಗನ್ ಬಿಡುತ್ತದೆ, ಮತ್ತೆ ಹೊರಡುತ್ತದೆ. ಪ್ರತಿ ಸಲ ಹೊರಡುವಾಗಲೂ ದೊಡ್ಡ ಸಿಲಿಂಡರಿಗೆ ನೇರ ಉಗಿ ಕೊಡಲು ಬೇರೊಂದು ವಾಲ್ವ್ ಬೇಕು, ಅದಕ್ಕೆ ಆರೈಕೆ ಬೇಕು. ಡರ್ಹಮ್ ಗಣಿಗಳ ಕಲ್ಲಿದ್ದಲನ್ನೇ ಸಾಗಿಸಿ ಬದುಕುತ್ತಿದ್ದ ರೈಲ್ವೆಗೆ ಇಂಧನದ ಉಳಿತಾಯ ದೊಡ್ಡ ಲಾಭವಾಗುವುದೂ ಸುಲಭವಿರಲಿಲ್ಲ.

ಆದರೆ ಪ್ರಯೋಗ ನಡೆದ ಬಗೆಯನ್ನು ಗಮನಿಸಿ. 1886ರಿಂದ ಕಟ್ಟಿದ 201 ಎಂಜಿನ್ನುಗಳಲ್ಲಿ 171 ಕಾಂಪೌಂಡ್, 30 ಸಾದಾ. ಒಂದೇ ವಿನ್ಯಾಸದ ಎರಡು ರೂಪಗಳು ಒಂದೇ ರೈಲ್ವೆಯಲ್ಲಿ ದುಡಿದವು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು? ಪರೀಕ್ಷೆಗೆ 171 ಬೇಕಿತ್ತೇ ಎಂದು ಕೇಳುವವರ ಮಾತು ನ್ಯಾಯವಾದದ್ದೇ. ಆದರೆ ಅದು ಅವಸರದ ಮೇಲಿನ ಆಕ್ಷೇಪ, ವಿಚಾರದ ಮೇಲಿನದಲ್ಲ.

1890ರಲ್ಲಿ ಅಣ್ಣನ ಹುದ್ದೆಗೆ ಬಂದ ವಿಲ್ಸನ್ ವರ್ಸ್‌ಡೆಲ್ ಕಾಲಕ್ರಮದಲ್ಲಿ ಕಾಂಪೌಂಡ್ ಪದ್ಧತಿಯಿಂದ ಹಿಂದೆ ಸರಿದರು. ಎಂಜಿನ್ನುಗಳನ್ನು ಗುಜರಿಗೆ ಹಾಕಬೇಕಾಗಲಿಲ್ಲ. ಸಿಲಿಂಡರ್ ಬದಲಾದವು, ಎಂಜಿನ್ನುಗಳು ಉಳಿದವು. ಎಷ್ಟೋ ಎಂಜಿನ್ನುಗಳಿಗೆ ಮುಂದೆ ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಬಂತು. ಸಿಲಿಂಡರಿನಲ್ಲಿ ಉಗಿ ನೀರಾಗುವ ಅದೇ ನಷ್ಟಕ್ಕೆ ಅದು ಇನ್ನೂ ಸರಳ ಮದ್ದು. ‘ಜೆ21’ ಎಂಬ ಹೊಸ ಹೆಸರು ಹೊತ್ತು, ಸಮುದ್ರಮಟ್ಟದಿಂದ 1,370 ಅಡಿ ಎತ್ತರದ ಸ್ಟೇನ್‌ಮೋರ್ ಏರನ್ನೂ ಇವು ಹತ್ತಿದವು. ಈ ವರ್ಗದ ಕೊನೆಯ ಎಂಜಿನ್ ನಿವೃತ್ತಿಯಾದದ್ದು 1962ರಲ್ಲಿ.

ಒಂದು ಹೊಸ ವಿಚಾರ ಕೊನೆಯವರೆಗೆ ಉಳಿಯಿತೇ ಎಂದಷ್ಟೇ ಕೇಳಿದರೆ ಸಾಲದು. ತಪ್ಪು ಕಂಡಾಗ ಹೆಚ್ಚು ನಷ್ಟವಿಲ್ಲದೆ ತಿದ್ದಲು ಅದು ಎಡೆ ಕೊಟ್ಟಿತೇ ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ‘ಸಿ’ ವರ್ಗ ಕೊಡುವ ಉತ್ತರವನ್ನು ಸೋಲೆಂದು ಕರೆಯಲಾಗದು.