ಮೋಸ ಹೋದವರನ್ನು ಬೈದದ್ದು ಸಾಕು

ವಾಟ್ಸ್‌ಆ್ಯಪ್‌, ಫೇಸ್‌ಬುಕ್‌ನಲ್ಲಿ ಯಾರೋ ಹಣ ಕಳೆದುಕೊಂಡ ಸುದ್ದಿ ಬಂದರೆ ಸಾಕು, ‘ಆಸೆಗೆ ಬಿದ್ದರು, ಅನುಭವಿಸಲಿ’ ಎಂಬ ಮಾತು ತಕ್ಷಣ ಹೊರಡುತ್ತದೆ. ಈ ತೀರ್ಪು ಅನ್ಯಾಯದ್ದು. ಎಷ್ಟೋ ಜನ ಕೆಟ್ಟಿದ್ದು ತಮ್ಮವರ ಹೆಸರನ್ನು, ಸರ್ಕಾರದ ಹೆಸರನ್ನು ನಂಬಿ.

ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಹಳ್ಳಿಗಳನ್ನೇ ನೋಡಿ. ಹತ್ತಿ, ತೊಗರಿ ಬೆಳೆಯುವ ರೈತನಿಗೆ ವರ್ಷಕ್ಕೆ 6,000 ರೂಪಾಯಿ ಪಿ.ಎಂ. ಕಿಸಾನ್ ಹಣ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ ಹಣ ಬ್ಯಾಂಕ್ ಖಾತೆಗೇ ಬರಬೇಕು. ಕಂತು ನಿಂತರೆ ‘ಇ-ಕೆವೈಸಿ ಆಗಿಲ್ಲ’, ‘ಆಧಾರ್ ಜೋಡಣೆಯಾಗಿಲ್ಲ’ ಎಂಬ ಉತ್ತರ. ಇಂಥ ಹೊತ್ತಿನಲ್ಲಿ ‘ಪಿ.ಎಂ. ಕಿಸಾನ್’ ಹೆಸರಿನ ಎಪಿಕೆ ಫೈಲು (ಆ್ಯಪ್ ಅಳವಡಿಸುವ ಕಡತ) ಊರಿನ ಗ್ರೂಪಿಗೆ ಬಂದರೆ ಒತ್ತದೆ ಬಿಟ್ಟಾರೆಯೇ? ಅದೂ ಸೋದರಮಾವನ ನಂಬರಿನಿಂದ! ‘ನಮ್ಮ ಮಂದಿನೇ ಕಳಿಸ್ಯಾರ’ ಎಂಬ ಧೈರ್ಯ ಬೇರೆ. ಮಾವನ ವಾಟ್ಸ್‌ಆ್ಯಪ್ ಆಗಲೇ ವಂಚಕರ ಕೈಸೇರಿರುತ್ತದೆ. ಆ್ಯಪ್ ಇಳಿಸಿಕೊಂಡು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ಫೋನಿಗೆ ಬರುವ ಒಟಿಪಿಯನ್ನೂ ಅವರೇ ಓದಿಕೊಳ್ಳುತ್ತಾರೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಓದಲು ಬಾರದವರಿಗೆ ಫೋನಿನ ಕೆಲಸಕ್ಕೆ ಮಗನೇ ಆಸರೆ. ಆ ಮಗ ಬೆಂಗಳೂರಿಗೆ ಗುಳೆ ಹೋಗಿದ್ದರೆ ಕೇಳುವುದು ಯಾರನ್ನು?

ಹಾಗೆಂದು ಓದಿದವರೇನೂ ಪಾರಾಗಿಲ್ಲ. ಅವರನ್ನು ಕೆಡವುವುದು ಭಯ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ‘ಬಂಧಿಸುವ’ ‘ಡಿಜಿಟಲ್ ಅರೆಸ್ಟ್’ ಬೆದರಿಕೆಗೆ 50 ಲಕ್ಷ ರೂಪಾಯಿಗೂ ಹೆಚ್ಚು ತೆತ್ತು, ಕೊನೆಗೆ ಪ್ರಾಣವನ್ನೇ ಕಳೆದುಕೊಂಡರು. ಪತಿ ಸರ್ಕಾರಿ ಸೇವೆಯಿಂದ ನಿವೃತ್ತರಾದವರು. ಅಂಥದ್ದೇ ಕರೆ ನಮ್ಮ ಪಕ್ಕದ ವಿಜಯಪುರದ ಯುವಕರೊಬ್ಬರಿಗೂ ಬಂದಿತ್ತು. ಅವರು ಹೆದರದೆ ಅದನ್ನು ಚಿತ್ರೀಕರಿಸಿಕೊಂಡರು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ದೇಶಕ್ಕೆ ತೋರಿಸಿದ್ದು ಆ ದೃಶ್ಯವನ್ನೇ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

2024ರಲ್ಲಿ ದೇಶದ ಜನ ಸೈಬರ್ ವಂಚಕರಿಗೆ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ನಾಚಿಕೆಯಿಂದ ಬಾಯಿ ಬಿಡದವರ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಅದು ಕೈಯಿಂದ ಕೈಗೆ ದಾಟುವ ಮುನ್ನ ಬ್ಯಾಂಕಿನಲ್ಲೇ ತಡೆಯುವ ಅವಕಾಶವಿದೆ. ಮನೆಯವರ ಬೈಗುಳಕ್ಕೆ ಹೆದರಿ ಸುಮ್ಮನಿದ್ದರೆ ಆ ಹೊತ್ತು ಮೀರಿಹೋಗುತ್ತದೆ.

ಗ್ರಾಮಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಈ ಮಾತು ನಮ್ಮ ಭಾಷೆಯಲ್ಲೇ ನಡೆಯಲಿ. ನಿಮ್ಮ ಮನೆಯಲ್ಲಿ ಯಾರಾದರೂ ಮೋಸ ಹೋಗಿದ್ದರೆ ದಯವಿಟ್ಟು ಬೈಯಬೇಡಿ. ಮೊದಲು 1930ಕ್ಕೆ ಫೋನು ಮಾಡಿಸಿ.