ಚಿತ್ರದ ಕೆಳಗಿನ ಸಹಿ

ಅಜ್ಜಂಪುರದ ವಾಚಕ ಮಹಾಶಯರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಪರದೇಶದಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಮ್ಯಾನ್ ರೇ ಎಂಬ ಕಲಾವಿದನ ಎಚ್ಚಿಂಗ್ ಚಿತ್ರವೊಂದನ್ನು ಕೊಳ್ಳಬೇಕೆಂದಿರುವನಂತೆ. ಚಿತ್ರದ ಕೆಳಗೆ ಪೆನ್ಸಿಲಿನ ಸಹಿ. ಎಡಗಡೆ ೩೫/೧೦೦ ಎಂಬ ಅಂಕ. ಬೆಲೆಯಾದರೋ ತಂಗಿಯ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಅರ್ಧವನ್ನು ನುಂಗುವಷ್ಟು. “ಅಚ್ಚುಹಾಕಿದ ಕಾಗದಕ್ಕೆ ಇಷ್ಟು ಹಣವೆ? ಇಂತಹವೇ ಇನ್ನೂ ತೊಂಬತ್ತೊಂಬತ್ತು ಇವೆಯಲ್ಲ!” ಎಂಬುದು ತಂದೆಯವರ ಪ್ರಶ್ನೆ. ಪ್ರಶ್ನೆಯು ಯೋಗ್ಯವಾದುದೇ.

ಎಚ್ಚಿಂಗ್ ಎಂಬುದು ಕ್ಯಾಲೆಂಡರಿನ ಚಿತ್ರದಂತಹ ಅಚ್ಚಲ್ಲ. ಮೊದಲು ತಾಮ್ರದ ಅಥವಾ ಸತುವಿನ ತಗಡಿಗೆ ಮೇಣ ರಾಳಗಳ ತೆಳುವಾದ ಲೇಪವನ್ನು ಕೊಡುವರು. ಕಲಾವಿದನು ಸೂಜಿಯಿಂದ ಆ ಲೇಪವನ್ನು ಗೀರಿ ಚಿತ್ರ ಬರೆಯುವನು. ತಗಡನ್ನು ಆಮ್ಲದಲ್ಲಿ ಮುಳುಗಿಸಿದರೆ ಲೇಪವು ಹೋದೆಡೆಯಲ್ಲೆಲ್ಲ ಆಮ್ಲವು ಲೋಹವನ್ನು ತಿನ್ನುವುದು. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆಯು ಆಳವಾಗುವುದು. ಬಳಿಕ ಲೇಪವನ್ನು ತೆಗೆದು, ಗೆರೆಗಳೊಳಗೆ ಮಸಿ ತುಂಬಿ, ಮೇಲಣ ಮಸಿಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರಸಿ, ನೆನೆಸಿದ ಕಾಗದವನ್ನು ಹೊದಿಸಿ ಉರುಳೆಗಳ ನಡುವೆ ಒತ್ತುವರು. ಕಾಗದವು ಗೆರೆಯೊಳಕ್ಕೆ ಇಳಿದು ಮಸಿಯನ್ನು ಹೀರಿಕೊಂಡು ಬರುವುದು. ಪ್ರತಿಯೊಂದು ಪ್ರತಿಗೂ ಮತ್ತೆ ಮಸಿ ತುಂಬಬೇಕು, ಮತ್ತೆ ಒರಸಬೇಕು. ಆದುದರಿಂದ ನೂರು ಪ್ರತಿಗಳೂ ಒಂದೇ ತಾಯಿಯ ಮಕ್ಕಳು, ಅವಳಿಗಳಲ್ಲ.

೩೫/೧೦೦ ಎಂದರೆ ನೂರರಲ್ಲಿ ಇದು ಮೂವತ್ತೈದನೆಯದು. ಕಲಾವಿದನು ತನಗೆಂದು ಇಟ್ಟುಕೊಳ್ಳುವ ಕೆಲವು ಪ್ರತಿಗಳು ಇದರ ಹೊರಗೆ ಇರುವುದುಂಟು. ಸಂಖ್ಯೆ ಮುಗಿದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಅದನ್ನು ಕೆಡಿಸುವುದು ಸಂಪ್ರದಾಯ. ಹೀಗೆ ಆ ಸಹಿಯು ಎರಡು ಮಾತುಗಳನ್ನು ಹೇಳುತ್ತದೆ: ಇದನ್ನು ನಾನು ನೋಡಿ ಒಪ್ಪಿದ್ದೇನೆ, ಇದಕ್ಕಿಂತ ಹೆಚ್ಚು ಮಾಡಿಸುವುದಿಲ್ಲ. ಕೊಳ್ಳುವವನು ಕಾಗದಕ್ಕಿಂತ ಹೆಚ್ಚಾಗಿ ಈ ಎರಡನೆಯ ಮಾತಿಗೆ ಹಣ ಕೊಡುತ್ತಾನೆ.

ತಾಮ್ರದ ತಗಡು, ಅದರ ಮೇಲೆ ಗೀರಿದ ಗೆರೆ, ಕೊನೆಯಲ್ಲಿ ಸಹಿ—ಇವು ನಮಗೇನು ಹೊಸವಲ್ಲ. ಅರಸನು ಭೂದಾನ ಮಾಡಿದಾಗ ಶಾಸನವನ್ನು ಬರೆಯಿಸಿ, ಮುದ್ರೆಯಿಂದಲೂ ಸ್ವಹಸ್ತದಿಂದಲೂ ಕಾಲನಿರ್ದೇಶದಿಂದಲೂ ಅದನ್ನು ಸ್ಥಿರಪಡಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವು ಕನ್ನಡ ಅಕ್ಷರಗಳಲ್ಲಿದೆ. ಸಹಿ ಹುಟ್ಟಿದೊಡನೆ ಕಳ್ಳಸಹಿಯೂ ಹುಟ್ಟಿರಬೇಕು; ಕೂಟಶಾಸನ ಮಾಡುವವನಿಗೆ ಮನುವು ವಧೆಯನ್ನೇ ದಂಡವಾಗಿ ಹೇಳಿದ್ದಾನೆ!

ಇನ್ನೂ ಸಮೀಪದ ಉದಾಹರಣೆ ಬೇಕಾದರೆ ಕಡೂರು, ಅಜ್ಜಂಪುರಗಳವರು ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಬಹುದು. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ನಿರ್ಮಿತವಾದ ಅಮೃತೇಶ್ವರ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನು ತನ್ನ ಕೆಲಸವನ್ನು ಆರಂಭಿಸಿದನೆಂದು ವಿದ್ವಾಂಸರು ಹೇಳುವರು. ಮುಂದೆ ಸೋಮನಾಥಪುರದ ಹೊರಭಿತ್ತಿಯಲ್ಲಿ ನಲವತ್ತು ವಿಗ್ರಹಗಳಿಗೂ ಮಿಕ್ಕಿ ಆತನ ಅಂಕಿತವಿದೆ. ಕೆಲವೆಡೆ ಬರಿಯ ‘ಮ’ ಎಂದಷ್ಟೆ. ಆ ಸಹಿಗೆ ಸಂಖ್ಯೆಯ ಹಂಗಿಲ್ಲ. ಅದನ್ನು ಅಳಿಸಿದರೂ ಮೂರ್ತಿಯ ಗೌರವ ಕುಂದದು. ಎಚ್ಚಿಂಗಿನ ಪಾಡು ಹಾಗಲ್ಲ. ಸಹಿಯಿಲ್ಲದಿದ್ದರೆ ಪೇಟೆಯಲ್ಲಿ ಅದರ ಬೆಲೆ ಬಹಳ ಇಳಿಯುವುದು.

ಮ್ಯಾನ್ ರೇ ಈ ಮರ್ಮವನ್ನು ಚೆನ್ನಾಗಿ ಬಲ್ಲವನು. ೧೮೯೦ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ದರ್ಜಿಯ ಮಗನಾಗಿ ಹುಟ್ಟಿ, ೧೯೨೧ರಲ್ಲಿ ಪ್ಯಾರಿಸಿಗೆ ಹೋಗಿ, ಎಚ್ಚರದ ಯುಕ್ತಿಗಿಂತ ಕನಸಿನ ಯುಕ್ತಿಯೇ ಮೇಲೆಂದ ಸರ್ರಿಯಲಿಸ್ಟರ ಕೂಟವನ್ನು ಸೇರಿದನು. ಫೋಟೋ ಕಾಗದದ ಮೇಲೆ ಸಾಮಾನುಗಳನ್ನಿಟ್ಟು ಬೆಳಕು ಬೀರಿ, ಕ್ಯಾಮರಾ ಇಲ್ಲದೆಯೇ ನೆರಳಿನ ಚಿತ್ರಗಳನ್ನು ತೆಗೆದನು. ಅದೇ ೧೯೨೧ರಲ್ಲಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಸಾಲಾಗಿ ಮೊಳೆಗಳನ್ನು ಅಂಟಿಸಿ ‘ಉಡುಗೊರೆ’ ಎಂದು ಹೆಸರಿಟ್ಟನು. ದರ್ಜಿಯ ಮಗನಿಗಲ್ಲದೆ ಇನ್ನಾರಿಗೆ ಹೊಳೆದೀತು! ಮೂಲವಸ್ತು ಪ್ರದರ್ಶನದಲ್ಲಿಯೇ ಕಾಣೆಯಾಯಿತು. ೧೯೭೪ರಲ್ಲಿ ಅದರ ೫,೦೦೦ ಪ್ರತಿಗಳಾದವು; ಐದು ಸಾವಿರವನ್ನೂ ಮಿತಿಯೆಂದು ಕರೆಯುವುದಾದರೆ ಕರೆಯಲಿ. ೧೯೭೬ರಲ್ಲಿ ಅವನು ತೀರಿಕೊಂಡನು. ಸಹಿಯುಳ್ಳ ಅವನ ಎಚ್ಚಿಂಗುಗಳಲ್ಲಿ ಹಲವು ಅವನ ಮುಪ್ಪಿನ ಕಾಲದವು.

ಅದೇ ಕೂಟದಲ್ಲಿದ್ದ ಸಾಲ್ವಡಾರ್ ಡಾಲಿಯು ಚಿತ್ರವೇ ಇಲ್ಲದ ಬಿಳಿಯ ಹಾಳೆಗಳಿಗೆ ರಾಶಿಗಟ್ಟಲೆ ಸಹಿ ಹಾಕಿಕೊಟ್ಟನು. ೧೯೭೪ರಲ್ಲಿ ಫ್ರಾನ್ಸಿನ ಸುಂಕದವರು ಅಂತಹ ಸುಮಾರು ೪೦,೦೦೦ ಹಾಳೆಗಳ ಲಾರಿಯನ್ನು ತಡೆದರು. ಅಲ್ಲಿ ಸಹಿಯು ದಿಟ, ಚಿತ್ರವು ಸಂಶಯ. ಮ್ಯಾನ್ ರೇಯ ಹೆಸರಿನಲ್ಲಿಯೂ ಮೋಸವಾಗದೆ ಇಲ್ಲ. ಹಳೆಯ ಕಾಲದ ಪ್ರತಿಗಳೆಂದು ಬಹಳ ಹಣಕ್ಕೆ ಮಾರಿದ ಫೋಟೋಗಳನ್ನು ೧೯೯೦ರ ದಶಕದಲ್ಲಿ ಪರೀಕ್ಷಿಸಿದಾಗ, ಕಾಗದವೇ ಎಷ್ಟೋ ಈಚಿನದೆಂದು ತಿಳಿದುಬಂದಿತು.

ಆದುದರಿಂದ ಆ ಹುಡುಗನು ಸಹಿಯನ್ನು ಕಡೆಗೆ ನೋಡಲಿ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇದೆಯೆ? ಬೂದುಗಾಜಿನಲ್ಲಿ ನೋಡಿದಾಗ ಪತ್ರಿಕೆಯ ಚಿತ್ರದಂತೆ ಚುಕ್ಕೆಗಳು ಸಾಲಾಗಿ ಕಂಡರೆ ಅದು ಎಚ್ಚಿಂಗಲ್ಲ. ಕಲಾವಿದನ ಅಚ್ಚುಚಿತ್ರಗಳನ್ನು ವರ್ಣಿಸುವ ಪಟ್ಟಿಗಳಲ್ಲಿರುವ ಅಳತೆಯೂ ಪ್ರತಿಗಳ ಸಂಖ್ಯೆಯೂ ಇದಕ್ಕೆ ಹೊಂದಬೇಕು. ಹಿಂದೆ ಯಾರ ಕೈಯಲ್ಲಿತ್ತೆಂಬ ರಶೀದಿಗಳನ್ನು ಕೇಳಿ ಪಡೆಯಬೇಕು. ಕೊಡಲು ಹಿಂಜರಿಯುವ ವ್ಯಾಪಾರಿಗೆ ನಮಸ್ಕಾರ ಹೇಳಿ ಬರುವುದು ಲೇಸು. ಎಲ್ಲವೂ ಸರಿಯಿದ್ದರೂ ತಂಗಿಯ ಹಣವನ್ನು ಮುಟ್ಟಕೂಡದೆಂದೇ ನಮ್ಮ ಅಭಿಪ್ರಾಯ. ಚಿನ್ನವನ್ನು ನಾಳೆ ಬೆಳಗ್ಗೆ ಅಡವಿಡಬಹುದು. ಎಚ್ಚಿಂಗಿಗೆ ಕೊಳ್ಳುವವನು ಸಿಕ್ಕುವ ತನಕ ಮುಹೂರ್ತವು ಕಾಯುವುದಿಲ್ಲ. ತನ್ನ ಸಂಬಳದಲ್ಲಿ ಉಳಿಸಿ, ಚಿತ್ರದ ಮೇಲಣ ಪ್ರೀತಿಯಿಂದ ಕೊಳ್ಳುವುದಾದರೆ ತಂದೆಯವರು ಅಡ್ಡಿಮಾಡಬೇಕಾದುದಿಲ್ಲ.

ಹಾಗೆ ಕೊಂಡು ಊರಿಗೆ ತಂದರೆ ಬಿಸಿಲು ಬೀಳುವ ಗೋಡೆಗೂ ಮಳೆಯ ತೇವವನ್ನು ಹೀರುವ ಹೊರಗೋಡೆಗೂ ಅದನ್ನು ತೂಗುಹಾಕಬಾರದು. ಕಾಗದವು ಗಾಜಿಗೆ ತಗಲದಂತೆ ನಡುವೆ ದಪ್ಪ ರಟ್ಟಿನ ಚೌಕಟ್ಟು ಇರಲಿ. ಅಂಟು ಹಚ್ಚಿ ರಟ್ಟಿಗೆ ಮೆತ್ತಿಸುವುದೂ, ಚೌಕಟ್ಟಿಗೆ ಹೊಂದಲೆಂದು ಅಂಚನ್ನು ಕತ್ತರಿಸುವುದೂ ಬೇಡ. ಸಹಿಯೂ ಅಂಕವೂ ಇರುವುದು ಆ ಅಂಚಿನಲ್ಲಿಯೇ.